ವೇಬಿಲ್ ಕೇಳಿ ಸ್ವಾಮಿ: ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೊಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯ ಆಯುಕ್ತರು,
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ,
ನವದೆಹಲಿ

ವಿಷಯ: ನಮ್ಮಪ್ಪನ ಖಾತೆಯಿಂದ ಎಂಟು ತಿಂಗಳು ಹೋದ 199 ರೂಪಾಯಿ, ಮತ್ತು ಇಂಥ ಕೆಲಸದಲ್ಲಿ ನನ್ನ ಪಾಲು

ಮಾನ್ಯರೇ,

ನಾನು ಬೆಂಗಳೂರಿನಲ್ಲಿ 14 ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸರ್ಕಾರಕ್ಕೆ ಪತ್ರ ಬರೆದು ಅಭ್ಯಾಸವಿಲ್ಲ. ನಮ್ಮೂರ ಕಡೆ ಅರ್ಜಿ ಬರೆಯುವುದೆಂದರೆ ತಾಲ್ಲೂಕು ಕಚೇರಿ ಮುಂದೆ ಮರದ ಕೆಳಗೆ ಕೂತವರ ಕೆಲಸ. ಅವರಾದರೆ "ತಮ್ಮಲ್ಲಿ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಅಂತ ಚೆನ್ನಾಗಿ ಶುರು ಮಾಡುತ್ತಿದ್ದರು. ನನಗೆ ಅಷ್ಟು ಬರುವುದಿಲ್ಲ. ಆಗಿದ್ದನ್ನು ಆದ ಹಾಗೆ ಹೇಳುತ್ತೇನೆ. ಕೊನೆಗೆ ಒಂದೇ ಒಂದು ಕೇಳುತ್ತೇನೆ.

ನಮ್ಮಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ಅರಸೀಕೆರೆ ಡಿಪೋ. ರಿಟೈರ್ ಆಗಿ ಹತ್ತು ವರ್ಷ ಕಳೆದಿದೆ. ಆದರೂ ಸಂತೆಗೆ ಹೋದರೆ ನೋಟುಗಳನ್ನು ಉದ್ದಕ್ಕೆ ಮಡಚಿ ಎಡಗೈ ಬೆರಳ ಸಂದಿಗೆ ಸಿಕ್ಕಿಸಿಕೊಂಡೇ ತರಕಾರಿ ಕೊಳ್ಳುತ್ತಾರೆ. ಹತ್ತು ಒಂದು ಸಂದಿಗೆ, ಐವತ್ತು ಇನ್ನೊಂದಕ್ಕೆ. ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಆದರೂ ಅವರಿಗೆ ನಿದ್ದೆ ಬರುವುದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮೋಸ ಹೋದವರು ಹುಷಾರಿಲ್ಲದವರು ಅಂತ ನಮ್ಮ ಆಫೀಸುಗಳಲ್ಲಿ ಒಂದು ನಂಬಿಕೆ ಇದೆ. ಹಾಗಲ್ಲ.

ತಿಂಗಳ ಮೊದಲ ವಾರ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸುವುದು ಅಪ್ಪನ ಪದ್ಧತಿ. ಹೋದ ವರ್ಷ ಅವರ ಬ್ಯಾಂಕಿನಲ್ಲಿ ಪ್ರಿಂಟರ್ ಕೆಟ್ಟು ಕೂತಿತ್ತು. "ಮುಂದಿನ ವಾರ ಬನ್ನಿ ಯಜಮಾನ್ರೆ" ಅಂತ ತಿಂಗಳುಗಟ್ಟಲೆ ತಳ್ಳಿದರು. ಕೊನೆಗೂ ಪ್ರಿಂಟರ್ ಸರಿಹೋದ ದಿನ ಎರಡು ಹಾಳೆ ಒಟ್ಟಿಗೆ ಕರ್ರ್ ಅಂತ ಪ್ರಿಂಟ್ ಆಗಿ ಬಂತು. ಆವತ್ತು ಸಂಜೆ ನನಗೆ ಫೋನ್.

"ಲೋ, ಇದೇನೋ ಇದು, ತಿಂಗಳು ತಿಂಗಳೂ ನೂರಾ ತೊಂಬತ್ತೊಂಬತ್ತು ಹೋಗ್ತಾ ಇದೆ? ನೀನೇನಾದ್ರೂ ತಗೊಂಡ್ಯಾ?"

ನಾನು ತಗೊಂಡಿರಲಿಲ್ಲ. ಎಂಟು ಸಲ ಹೋಗಿತ್ತು. 1,592 ರೂಪಾಯಿ.

ಭಾನುವಾರ ಊರಿಗೆ ಹೋದೆ. ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಪ್ಪನ ಫೋನ್ ಹಿಡಿದು ಕೂತೆ. ಹುಡುಕಿದ ಮೇಲೆ ಗೊತ್ತಾಯಿತು. ಬಿಪಿ ಮಾತ್ರೆ ಊರಿನಲ್ಲಿ ಸಿಗದೆ ಇದ್ದಾಗ ಯಾವುದೋ ಆಪ್‌ನಲ್ಲಿ ಒಂದೇ ಒಂದು ಸಲ ತರಿಸಿದ್ದರು. ಆ ಬಿಲ್ಲಿನ ಕೆಳಗೆ, ಮಾತ್ರೆಯ ಜೊತೆಗೆ, "ಸದಸ್ಯತ್ವ: 1 ರೂಪಾಯಿ" ಅಂತ ಒಂದು ಸಾಲು ತಾನೇ ಬಂದು ಕೂತಿತ್ತು. ಮೊದಲ ತಿಂಗಳು ಒಂದು ರೂಪಾಯಿ. ಆಮೇಲೆ 199. ಅಪ್ಪ ಯುಪಿಐ ಪಿನ್ ಒತ್ತಿದ್ದು ಮಾತ್ರೆಗೆ. ಅದೇ ಪಿನ್ ತಿಂಗಳು ತಿಂಗಳೂ ದುಡ್ಡು ಕಡಿಯುವುದಕ್ಕೂ ಒಪ್ಪಿಗೆ ಆಗಿತ್ತು.

ಇಷ್ಟೇ ಆಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಸಿಟ್ಟು ಬಂದಿದ್ದು ಅದನ್ನು ಬಿಡಿಸುವಾಗ.

ಆ ಆಪ್ ಕನ್ನಡದಲ್ಲಿತ್ತು. ಚೆನ್ನಾದ ಕನ್ನಡವೇ. "ಈಗಲೇ ಸೇರಿ", "ಹಣ ಪಾವತಿಸಿ", ಎಲ್ಲ ದಪ್ಪ ಅಕ್ಷರದಲ್ಲಿ, ಹಸಿರು ಬಟನ್ನಿನ ಮೇಲೆ. ಪ್ರೊಫೈಲ್ ಒಳಗೆ ಹೋದೆ, ಸೆಟ್ಟಿಂಗ್ಸ್ ಒಳಗೆ ಹೋದೆ, ಸದಸ್ಯತ್ವದ ಪುಟಕ್ಕೆ ಹೋದೆ. ಬಿಡುವ ಬಟನ್ ಇಲ್ಲ. "ನಿಮ್ಮ ಲಾಭಗಳು" ಅಂತ ಉದ್ದ ಪಟ್ಟಿ. ಅದರ ತೀರಾ ಕೆಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ "ಸಹಾಯ ಬೇಕೇ?" ಅಂತ ಒಂದು ಸಾಲು. ಅದು ಒತ್ತಬಹುದಾದ ಸಾಲು ಅಂತ ನನಗೆ ಹೊಳೆದಿದ್ದು ನಾನೂ ಅದೇ ಕಸುಬಿನವನಾದ್ದರಿಂದ.

ಒತ್ತಿದೆ. ಅಲ್ಲಿಂದ ಮುಂದಕ್ಕೆ ಕನ್ನಡ ಮಾಯ. ಪೂರ್ತಿ ಇಂಗ್ಲಿಷ್.

ಯಾಕೆ ಬಿಡುತ್ತಿದ್ದೀರಿ ಅಂತ ಆರು ಕಾರಣ ಕೊಟ್ಟರು, ಒಂದು ಆರಿಸದೆ ಮುಂದೆ ಬಿಡಲಿಲ್ಲ. ಆಮೇಲೆ ಅರ್ಧ ಬೆಲೆಗೆ ಕೊಡುತ್ತೇವೆ ಅಂದರು. ಬೇಡ ಅಂದೆ. ಎರಡು ತಿಂಗಳು ತಡೆಹಿಡಿಯೋಣವಾ ಅಂದರು. ಬೇಡ ಅಂದೆ. ಆಮೇಲೆ ಬಂದ ಪುಟದಲ್ಲಿ ಎರಡೇ ಬಟನ್. ದೊಡ್ಡದು ಹಸಿರು: ನನ್ನ ಆರೋಗ್ಯ ಕಾಪಾಡಿಕೊಳ್ಳುತ್ತೇನೆ. ಅದರ ಕೆಳಗೆ ಬೂದು: ಬೇಡ, ನನಗೆ ಆರೋಗ್ಯದ ಕಾಳಜಿ ಇಲ್ಲ. ಅಪ್ಪನಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ.

"ಕಾಳಜಿ ಇರೋದಕ್ಕೇ ಅಲ್ವೇನೋ ಮಾತ್ರೆ ತರಿಸಿದ್ದು?" ಅಂದರು.

ಬೂದು ಒತ್ತಿದೆ. "ನಿಮ್ಮ ಮನವಿ ಸ್ವೀಕರಿಸಲಾಗಿದೆ, ನಮ್ಮ ಪ್ರತಿನಿಧಿ ಕರೆ ಮಾಡುತ್ತಾರೆ" ಅನ್ನುವ ಅರ್ಥದ ಮೆಸೇಜ್ ಬಂತು. ಯಾರೂ ಕರೆ ಮಾಡಲಿಲ್ಲ. ನಾವೇ ಮಾಡಿದೆವು. ಕನ್ನಡಕ್ಕೆ ನಾಲ್ಕು ಒತ್ತಿ ಅಂದರು. ಒತ್ತಿದೆವು. ಹಿಂದಿಯಲ್ಲಿ "ಹಾಂ ಜೀ" ಅಂದರು. ನಾನು ಇಂಗ್ಲಿಷಿನಲ್ಲಿ ಮಾತಾಡಿದೆ. ಆ ಹುಡುಗ ಪಾಪ ಒಳ್ಳೆಯವನೇ. ಅವನ ಮುಂದಿದ್ದ ಸ್ಕ್ರೀನಿನಲ್ಲೂ ಬಿಡಿಸುವ ಬಟನ್ ಇರಲಿಲ್ಲವಂತೆ. "ಮೇಲಿನವರಿಗೆ ಕಳಿಸ್ತೀನಿ ಸರ್" ಅಂದ. ಕರೆ ಮುಗಿದ ಮೇಲೆ ಐದು ನಕ್ಷತ್ರ ಕೊಡಿ ಅಂತ ಒಂದು ಎಸ್ಸೆಮ್ಮೆಸ್ ಬಂತು ನೋಡಿ, ಅದು ಮಾತ್ರ ಮಿಂಚಿನ ಹಾಗೆ.

ಕೊನೆಗೆ ಆ ಆಪ್‌ನ ಸಹವಾಸವೇ ಬೇಡ ಅಂತ ಅಪ್ಪನ ಯುಪಿಐ ಆಪ್ ತೆರೆದು, ಅದರ ಆಟೋಪೇ ಪಟ್ಟಿಯಲ್ಲಿ (ತಾನಾಗಿ ದುಡ್ಡು ಕಡಿಯಲು ಕೊಟ್ಟ ಒಪ್ಪಿಗೆಗಳ ಪಟ್ಟಿ) ಆ ಹೆಸರು ಹುಡುಕಿ, ಅಲ್ಲೇ ರದ್ದು ಮಾಡಿದೆ. ಪಿನ್ ಹಾಕಿದೆ, ಮುಗಿಯಿತು. ಒಂದು ನಿಮಿಷವೂ ಆಗಲಿಲ್ಲ. (ಈ ಪತ್ರ ಓದುತ್ತಿರುವ ಬೇರೆಯವರಿಗೆ: ನಿಮ್ಮ ಅಪ್ಪ ಅಮ್ಮನ ಫೋನಿನಲ್ಲೂ ಒಮ್ಮೆ ಆ ಪಟ್ಟಿ ತೆಗೆದು ನೋಡಿ. ನಾನು ನಮ್ಮ ಚಿಕ್ಕಮ್ಮನ ಫೋನಿನಲ್ಲಿ ನೋಡಿದೆ. ಅಲ್ಲಿ ಮೂರು ಇದ್ದವು.)

ನ್ಯಾಯವಾಗಿ ಹೇಳಬೇಕೆಂದರೆ ರಿಸರ್ವ್ ಬ್ಯಾಂಕ್ ಇದಕ್ಕೊಂದು ಕಾವಲು ಇಟ್ಟಿದೆ. ದುಡ್ಡು ಕಡಿಯುವ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು. ಅಪ್ಪನಿಗೂ ಆ ಮೆಸೇಜ್ ಎಂಟು ಸಲವೂ ಬಂದಿತ್ತು. ಇಂಗ್ಲಿಷಿನಲ್ಲಿ. ಸಾಲ ಬೇಕಾ, ಲಾಟರಿ ಹೊಡೆದಿದೆ, ಸೈಟು ಕೊಳ್ಳಿ ಅನ್ನುವ ಮೆಸೇಜುಗಳ ನಡುವೆ. ಗೊತ್ತಿಲ್ಲದ ಮೆಸೇಜ್ ಮುಟ್ಟಬೇಡಿ ಅಪ್ಪ ಅಂತ ಅವರಿಗೆ ಹೇಳಿಕೊಟ್ಟವನೂ ನಾನೇ.

ಈಗ ನನ್ನ ಪಾಲಿನ ಮಾತು.

ಕೆಲವು ವರ್ಷದ ಹಿಂದೆ ನಾನು ಇನ್ನೊಂದು ಕಂಪನಿಯಲ್ಲಿದ್ದೆ. ಯಾವುದು ಅಂತ ಬೇಡ. ನಮ್ಮ ಟೀಮಿನ ಹೆಸರು "ರಿಟೆನ್ಷನ್". ಬಂದ ಗಿರಾಕಿ ಹೋಗದ ಹಾಗೆ ನೋಡಿಕೊಳ್ಳುವುದು ಕೆಲಸ. ಕೇಳಲು ಚೆನ್ನಾಗಿದೆ, ಅಲ್ವಾ? ಒಳ್ಳೆ ಹೋಟೆಲಿನವರು ಕೂಡ ಅದನ್ನೇ ಮಾಡುತ್ತಾರೆ, ಬಿಸಿಬಿಸಿ ಇಡ್ಲಿ ಕೊಟ್ಟು. ನಾವು ಮಾಡಿದ್ದು ಬಾಗಿಲಿನ ಚಿಲಕ ಮೇಲಕ್ಕೆ ಹಾಕುವ ಕೆಲಸ.

ಒಂದು ಗುರುವಾರ ಮಧ್ಯಾಹ್ನ ನನಗೆ ಒಂದು ಟಿಕೆಟ್ ಬಂತು. (ನಮ್ಮಲ್ಲಿ ಮಾಡಬೇಕಾದ ಕೆಲಸದ ಚೀಟಿಗೆ ಟಿಕೆಟ್ ಅಂತಲೇ ಹೆಸರು. ಅಪ್ಪ ಹರಿದುಕೊಟ್ಟ ಟಿಕೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ.) ಸದಸ್ಯತ್ವ ರದ್ದು ಮಾಡುವ ಬಟನ್ ಮೊದಲ ಪುಟದಿಂದ ತೆಗೆದು ಎರಡು ಪುಟ ಒಳಗೆ ಇಡು, ಬಣ್ಣ ಬೂದು ಮಾಡು, ನಡುವೆ ಒಂದು "ಖಂಡಿತಾನಾ?" ಪುಟ ಸೇರಿಸು. ಹೆಚ್ಚೆಂದರೆ ನಲವತ್ತು ಸಾಲಿನ ಕೋಡ್. ಕಾಫಿ ಕುಡಿದು ಬಂದು ಬರೆದು ಮುಗಿಸಿದೆ. ಯಾರೂ ಬಲವಂತ ಮಾಡಲಿಲ್ಲ. ಯಾಕೆ ಅಂತ ನಾನೂ ಕೇಳಲಿಲ್ಲ.

ಅದನ್ನು ಒಮ್ಮೆಲೇ ಎಲ್ಲರಿಗೂ ಬಿಡಲಿಲ್ಲ. ಅರ್ಧ ಜನಕ್ಕೆ ಹಳೆಯ ಪುಟ, ಅರ್ಧ ಜನಕ್ಕೆ ಹೊಸದು. ಇದಕ್ಕೆ ಎ-ಬಿ ಟೆಸ್ಟ್ ಅನ್ನುತ್ತಾರೆ. ಎರಡು ವಾರ ಬಿಟ್ಟು ಗ್ರಾಫ್ ನೋಡಿದರೆ ಹೊಸ ಪುಟ ಕಂಡವರಲ್ಲಿ ಬಿಟ್ಟುಹೋದವರು ಕಡಿಮೆ. ಮ್ಯಾನೇಜರ್ ಖುಷಿಯಾಗಿ ಕೆಳಗಿನ ಅಯ್ಯಂಗಾರ್ ಬೇಕರಿಯಿಂದ ಹನಿಕೇಕ್ ತರಿಸಿದರು. ನಾನು ಎರಡು ತಿಂದೆ.

ಆ ಗ್ರಾಫಿನ ಪಕ್ಕದಲ್ಲೇ ಇನ್ನೊಂದು ಸಂಖ್ಯೆ ಇತ್ತು. ರದ್ದು ಮಾಡಲು ಶುರು ಮಾಡಿ, ನಡುವೆ ಕೈಬಿಟ್ಟು ಹೋದವರು ಎಷ್ಟು ಅಂತ. ಅದು ಏರಿತ್ತು. ಅಂದರೆ ಅವರ ಮನಸ್ಸು ಬದಲಾಗಿರಲಿಲ್ಲ, ದಾರಿ ಸಿಕ್ಕಿರಲಿಲ್ಲ. ಕೆಲವರು ಮಾರನೇ ದಿನ ಮತ್ತೆ ಬಂದಿದ್ದರು. ಮತ್ತೆ ಅದೇ ಪುಟದಲ್ಲಿ ನಿಂತಿದ್ದರು. ಎಲ್ಲ ಲಾಗ್‌ನಲ್ಲಿತ್ತು, ಅಂದರೆ ಆಪ್ ತಾನೇ ಬರೆದಿಡುವ ದಾಖಲೆಯಲ್ಲಿ, ನಿಮಿಷ ಸೆಕೆಂಡ್ ಸಮೇತ. ನಾವು ಮಾತಾಡಿದ್ದು ಮೊದಲ ಗ್ರಾಫಿನ ಬಗ್ಗೆ ಮಾತ್ರ.

ಮಾನ್ಯರೇ, ನೀವು ಸುಮ್ಮನೆ ಕೂತಿಲ್ಲ ಅನ್ನುವುದು ನನಗೆ ಗೊತ್ತು. ಇಂಥ ಪುಟಗಳಿಗೆ ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್ ಎಂಬವರು 2010ರಲ್ಲೇ "ಡಾರ್ಕ್ ಪ್ಯಾಟರ್ನ್" ಅಂತ ಹೆಸರಿಟ್ಟರು. ನೀವು 2023ರ ನವೆಂಬರ್ 30ರಂದು ಅದಕ್ಕೆ ಮಾರ್ಗಸೂಚಿ ಹೊರಡಿಸಿ 13 ಬಗೆಯನ್ನು ಹೆಸರು ಹಿಡಿದು ತಪ್ಪು ಅಂದಿರಿ. ನಾನು ಓದಿದ್ದೇನೆ. ಓದುತ್ತಾ ಮೈ ಚುರ್ ಅಂತು. ಬುಟ್ಟಿಗೆ ಕೇಳದೆ ಸಾಮಾನು ತುರುಕುವುದು ಅದರಲ್ಲಿದೆ. ಬಿಡುವ ದಾರಿಯನ್ನು ಬಚ್ಚಿಡುವುದು, ಉದ್ದ ಮಾಡುವುದು ಇದೆ. ಬೇಡ ಅನ್ನುವವರಿಗೆ ನಾಚಿಕೆ ಮಾಡಿಸುವುದೂ ಇದೆ. ಅದಕ್ಕೆ ನೀವು ಕೊಟ್ಟ ಉದಾಹರಣೆ ವಿಮಾನದ ಟಿಕೆಟ್ಟಿನದು: ವಿಮೆ ಬೇಡ ಅಂದರೆ "ನಾನು ರಕ್ಷಣೆ ಇಲ್ಲದೆಯೇ ಇರುತ್ತೇನೆ" ಅನ್ನುವ ಬಟನ್. ನಮ್ಮಪ್ಪನ "ಆರೋಗ್ಯದ ಕಾಳಜಿ ಇಲ್ಲ" ಅದರ ಖಾಸಾ ತಮ್ಮ.

ಹಾಗಾದರೆ ಕಾನೂನು ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮಗೆ ತನಿಖಾ ವಿಭಾಗ ಕೊಟ್ಟಿದೆ, ಒಳಹೊಕ್ಕು ಶೋಧ ಮಾಡುವ ಅಧಿಕಾರವನ್ನೂ ಕೊಟ್ಟಿದೆ. ಎಲ್ಲಿ ಎಡವಟ್ಟಾಗುತ್ತಿದೆ ಅಂತ ನನಗನ್ನಿಸುತ್ತದೆ ಅಂದರೆ, ಕಾನೂನು ನೋಡುವುದು ಪುಟವನ್ನು. ಪುಟ ನಿಲ್ಲುವ ವಸ್ತುವಲ್ಲ.

ದರ್ಶಿನಿ ಹೋಟೆಲಿನ ಬೋರ್ಡ್ ನೋಡಿದ್ದೀರಲ್ಲ. ಇಡ್ಲಿ ವಡೆ ಇಷ್ಟು, ಕಾಫಿ ಇಷ್ಟು ಅಂತ ಬರೆದು ಗೋಡೆಗೆ ತೂಗುಹಾಕಿರುತ್ತಾರೆ. ನಾನು ನೋಡುವುದೂ ಅದೇ ಬೋರ್ಡ್, ನೀವು ಬಂದರೂ ಅದೇ ಬೋರ್ಡ್. ಮೊದಲು ದುಡ್ಡು ಕೊಟ್ಟು ಟೋಕನ್ ತಗೊಂಡರೆ ಮುಗಿಯಿತು. ತಟ್ಟೆ ಕೈಗೆ ಬಂದ ಮೇಲೆ "ಚಟ್ನಿ ನಿರ್ವಹಣಾ ಶುಲ್ಕ ಐದು ರೂಪಾಯಿ, ಇವತ್ತು ಮಳೆ ಇದೆ ಅದಕ್ಕೆ ಹತ್ತು" ಅಂತ ಯಾರೂ ಅನ್ನುವುದಿಲ್ಲ. ಅಂದರೆ ತಟ್ಟೆ ಅಲ್ಲೇ ಇಟ್ಟು ಬರುತ್ತೇವೆ. ಅದೇ ಇಡ್ಲಿಯನ್ನು ಮನೆಗೆ ತರಿಸಿದರೆ ಪ್ಲಾಟ್‌ಫಾರ್ಮ್ ಶುಲ್ಕ, ಪ್ಯಾಕಿಂಗ್ ಶುಲ್ಕ, ಮಳೆ ಶುಲ್ಕ ಎಲ್ಲ ಒಂದೊಂದಾಗಿ ಇಳಿಯುತ್ತವೆ. ನಾವೂ ಹಸಿವಿನಲ್ಲಿ ಪಿನ್ ಒತ್ತುತ್ತೇವೆ. ಇದು ಸ್ವಲ್ಪ ದಾರಿ ತಪ್ಪಿದ ಮಾತಾಯಿತು. ನಿನ್ನೆ ರಾತ್ರಿಯ ಬಿಲ್ ಇನ್ನೂ ಕಣ್ಣಲ್ಲಿದೆ, ಅದಕ್ಕೆ.

ಆಪ್‌ನ ಗೋಡೆಗೆ ಇಂಥ ಒಂದೇ ಬೋರ್ಡ್ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು. ದೆಹಲಿಯಲ್ಲಿ ನಿಮ್ಮ ಅಧಿಕಾರಿ ಹೊಸ ಫೋನಿನಲ್ಲಿ ತೆರೆದಾಗ ಕಾಣುವ ಪುಟವೇ ಅರಸೀಕೆರೆಯಲ್ಲಿ ನಮ್ಮಪ್ಪನಿಗೆ ಕಾಣುತ್ತದೆ ಅನ್ನುವ ಖಾತ್ರಿ ಇಲ್ಲ. ಹಳೆಯ ಗಿರಾಕಿಗೆ ಒಂದು, ಹೊಸಬರಿಗೆ ಒಂದು, ಕನ್ನಡ ಆರಿಸಿದವರಿಗೆ ಒಂದು. ಆಪ್ ಅಪ್‌ಡೇಟ್ ಕೂಡ ಮಾಡಬೇಕಾಗಿಲ್ಲ. ಸರ್ವರಿನಲ್ಲಿ ಒಂದು ಗುಂಡಿ ತಿರುಗಿಸಿದರೆ ಬಟನ್ ಹೊರಗೆ ಬರುತ್ತದೆ, ಇನ್ನೊಂದು ತಿರುಗಿಸಿದರೆ ಒಳಗೆ ಹೋಗುತ್ತದೆ. ನಿಮ್ಮ ನೋಟಿಸ್ ಬೆಳಗ್ಗೆ ಬಂದರೆ ಊಟಕ್ಕೆ ಏಳುವ ಮೊದಲು ಪುಟ ಶುದ್ಧ ಮಾಡಿ ಇಡಬಹುದು. ನನಗೆ ಆ ಕೆಲಸ ಕೊಟ್ಟರೆ ನಾನೂ ಮಾಡುತ್ತೇನೆ, ಅಷ್ಟು ಸುಲಭ.

2025ರ ಜೂನ್‌ನಲ್ಲಿ ನೀವು ಇ-ಕಾಮರ್ಸ್ ಕಂಪನಿಗಳಿಗೆಲ್ಲ ಒಂದು ಸಲಹೆ ಕಳಿಸಿದಿರಿ. ಮೂರು ತಿಂಗಳೊಳಗೆ ನಿಮ್ಮ ಆಪ್ ನೀವೇ ತಪಾಸಣೆ ಮಾಡಿಕೊಳ್ಳಿ, ಇಂಥ ತಪ್ಪು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ ಅಂತ. ನವೆಂಬರ್ ಹೊತ್ತಿಗೆ 26 ದೊಡ್ಡ ಕಂಪನಿಗಳು ನಾವು ನಿಯಮ ಪಾಲಿಸಿದ್ದೇವೆ ಅಂತ ಬರೆದುಕೊಟ್ಟವು. ಈ ಸುದ್ದಿಯನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಅಂದ್ರೆ ಕಂಡಕ್ಟರ್ ಬ್ಯಾಗ್ ಕಂಡಕ್ಟರೇ ಎಣಿಸಿ ಸರಿಯಿದೆ ಅಂತ ಸೈನ್ ಹಾಕೋದಾ?"

ಆಮೇಲೆ ಅರ್ಧ ಗಂಟೆ ಅವರು ಹಳೆಯ ಕಥೆ ಹೇಳಿದರು. ಅದನ್ನು ನಿಮಗೂ ಹೇಳಬೇಕು. ಈ ಪತ್ರ ಬರೆಯಲು ಕೂತಿದ್ದೇ ಅದಕ್ಕೆ.

ಮೆಷಿನ್ ಬರುವ ಮೊದಲು ಕಂಡಕ್ಟರ್ ಹತ್ತಿರ ಟಿಕೆಟ್ ಕಟ್ಟುಗಳಿರುತ್ತಿದ್ದವು, ಬೆಲೆಗೊಂದು ಬಣ್ಣ. ಪ್ರತಿ ಟಿಕೆಟ್ಟಿಗೂ ನಂಬರ್. ಜೊತೆಗೆ ವೇಬಿಲ್ ಅಂತ ಒಂದು ಉದ್ದ ಹಾಳೆ. ಬಸ್ ಹೊರಡುವ ಮೊದಲು ಯಾವ ಕಟ್ಟು ಯಾವ ನಂಬರಿನಿಂದ ಶುರು ಅಂತ ಅದರಲ್ಲಿ ಬರೆಯಬೇಕು. ಡ್ಯೂಟಿಗೆ ಹತ್ತುವಾಗ ಜೇಬಿನಲ್ಲಿ ಸ್ವಂತ ದುಡ್ಡು ಎಷ್ಟಿದೆ ಅನ್ನುವುದನ್ನೂ ಬರೆಯಬೇಕು. ಒಂದೊಂದು ಸ್ಟೇಜ್ ದಾಟಿದಾಗಲೂ ಅಲ್ಲಿಯವರೆಗೆ ಹರಿದ ಟಿಕೆಟ್ಟಿನ ನಂಬರ್ ಹಾಕಬೇಕು. ಅಲುಗಾಡುವ ಬಸ್ಸಿನಲ್ಲಿ, ಕಂಬಕ್ಕೆ ಸೊಂಟ ಆನಿಸಿಕೊಂಡು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು. ಅಪ್ಪನ ಅಕ್ಷರ ಇವತ್ತಿಗೂ ಸ್ವಲ್ಪ ಓಲಾಡುತ್ತದೆ.

ಕಡೂರು ಕಡೆ ಹೋಗುವಾಗ ಬಾಣಾವರ ದಾಟಿದ ಮೇಲೆ ಎಲ್ಲೋ ಒಂದು ಕಡೆ ಚೆಕಿಂಗ್‌ನವರು ಕೈ ಅಡ್ಡ ಹಾಕುತ್ತಿದ್ದರು. ಇವತ್ತು ಬರುತ್ತೇವೆ ಅಂತ ಮೊದಲೇ ಕಾಗದ ಹಾಕಿ ಬರುತ್ತಿರಲಿಲ್ಲ. ಹತ್ತಿದ ತಕ್ಷಣ ಮೊದಲು ಕೇಳುವುದು ವೇಬಿಲ್. ತಲೆ ಎಣಿಸುತ್ತಾರೆ, ಟಿಕೆಟ್ ನೋಡುತ್ತಾರೆ, ನಂಬರ್ ತಾಳೆ ಹಾಕುತ್ತಾರೆ, ಬ್ಯಾಗಿನ ದುಡ್ಡು ಎಣಿಸುತ್ತಾರೆ. ಕಡಿಮೆ ಬಿದ್ದರೂ ಕೇಸ್, ಜಾಸ್ತಿ ಸಿಕ್ಕಿದರೂ ಕೇಸ್. ಕಂಡಕ್ಟರ್ ಮುಖ ಎಷ್ಟು ಸಾಚಾ ಅಂತ ಯಾರೂ ನೋಡುತ್ತಿರಲಿಲ್ಲ. ಬಸ್ಸಿಗೆ ಬಣ್ಣ ಚೆನ್ನಾಗಿದೆಯಾ ಅಂತಲೂ ನೋಡುತ್ತಿರಲಿಲ್ಲ.

"ಬೈಕೊಳ್ತಿದ್ವಿ ಕಣೋ ಅವರನ್ನ," ಅಂದರು ಅಪ್ಪ. "ಆದ್ರೆ ಅವರು ಇದ್ದಿದ್ದಕ್ಕೇ ನಮ್ಮಂಥೋರು ನೆಟ್ಟಗೆ ಇದ್ವಿ ಅಂತಲೂ ಅನ್ಸುತ್ತೆ."

ಮಾನ್ಯರೇ, ನಮ್ಮ ಆಪ್‌ಗಳಲ್ಲೂ ವೇಬಿಲ್ ಇದೆ. ನೀವು ಕೇಳುತ್ತಿಲ್ಲ ಅಷ್ಟೆ.

ಬೆರಳು ಮುಟ್ಟಿದ ಪ್ರತಿ ಬಟನ್ನಿಗೂ ಒಂದು ಸಾಲು ದಾಖಲಾಗುತ್ತದೆ. ಯಾವ ಪುಟ, ಯಾವ ಬಟನ್, ಎಷ್ಟು ಹೊತ್ತಿಗೆ. ಸೇರಲು ಎಷ್ಟು ಸಲ ಒತ್ತಿದರು, ಎಷ್ಟು ಸೆಕೆಂಡ್ ಹಿಡಿಯಿತು, ಬಿಡಲು ಎಷ್ಟು ಹಿಡಿಯಿತು, ಎಷ್ಟು ಜನ ನಡುದಾರಿಯಲ್ಲಿ ಕೈಚೆಲ್ಲಿದರು, ಅವರಲ್ಲಿ ಎಷ್ಟು ಜನ ಮತ್ತೆ ಬಂದು ಬಾಗಿಲು ತಟ್ಟಿದರು. ಎಲ್ಲ ಇದೆ. ಹೊಸದಾಗಿ ಏನೂ ಬರೆಯಬೇಕಾಗಿಲ್ಲ. ಸೋಮವಾರ ಬೆಳಗ್ಗೆ ಹತ್ತು ಗಂಟೆಯ ಮೀಟಿಂಗಿನಲ್ಲಿ ಗೋಡೆ ಮೇಲೆ ಬೀಳುವ ಸಂಖ್ಯೆಗಳು ಇವೇ. ಯಾವ ಪುಟ ಯಾರಿಗೆ, ಯಾವ ದಿನದಿಂದ ಯಾವ ದಿನದವರೆಗೆ ತೋರಿಸಿದೆವು, ಯಾಕೆ ಅದನ್ನೇ ಇಟ್ಟುಕೊಂಡೆವು ಅನ್ನುವ ದಾಖಲೆಯೂ ಇರುತ್ತದೆ. ಇಲ್ಲದಿದ್ದರೆ ಟೆಸ್ಟ್ ಮಾಡಿ ಏನು ಪ್ರಯೋಜನ?

ನೀವು ಕೇಳಬೇಕಾದ್ದು ಇದನ್ನು. "ನಿಮ್ಮ ಪುಟ ಚೆನ್ನಾಗಿದೆಯಾ?" ಅಂತ ಕೇಳಿದರೆ ಚೆನ್ನಾಗಿದೆ ಅನ್ನುತ್ತಾರೆ. "ಸೇರುವುದಕ್ಕೆ ಎಷ್ಟು ಹೆಜ್ಜೆ, ಬಿಡುವುದಕ್ಕೆ ಎಷ್ಟು ಹೆಜ್ಜೆ, ಶುರು ಮಾಡಿದ ನೂರರಲ್ಲಿ ಎಷ್ಟು ಜನ ಕೊನೆ ಮುಟ್ಟಿದರು?" ಅಂತ ಕೇಳಿ. ಮೂರು ತಿಂಗಳಿಗೊಮ್ಮೆ ಕೇಳಿ, ಭಾಷೆವಾರು ಕೇಳಿ. ಕನ್ನಡದಲ್ಲಿ ಸೇರಿಸಿಕೊಂಡವರನ್ನು ಕನ್ನಡದಲ್ಲೇ ಬೀಳ್ಕೊಡುತ್ತಿದ್ದಾರಾ ಅನ್ನುವುದು ಆ ಒಂದು ಸಂಖ್ಯೆಯಲ್ಲೇ ಗೊತ್ತಾಗುತ್ತದೆ. ಬಂದ ಸಂಖ್ಯೆಗಳನ್ನು ಹೊರಗೆ ಹಾಕಿ. ಪತ್ರಿಕೆಯವರು ಉಳಿದಿದ್ದನ್ನು ನೋಡಿಕೊಳ್ಳುತ್ತಾರೆ.

ಗಿರಾಕಿಗಳ ಖಾಸಗಿ ವಿಷಯ ಹೊರಬೀಳುತ್ತದೆ ಅಂತ ಕಂಪನಿಯವರು ತಕ್ಷಣ ಹೇಳುತ್ತಾರೆ. ಅವರಿಗೆ ನಮ್ಮ ಖಾಸಗಿ ವಿಷಯದ ಮೇಲೆ ಇದ್ದಕ್ಕಿದ್ದಂತೆ ಹುಟ್ಟುವ ಪ್ರೀತಿ ನೋಡುವುದೇ ಒಂದು ಚೆಂದ. ಹೆಸರು ಬೇಡ, ನಂಬರ್ ಬೇಡ, ಬರೀ ಎಣಿಕೆ ಸಾಕು. ಚೆಕಿಂಗ್‌ನವರು ಪ್ಯಾಸೆಂಜರ್ ಹೆಸರು ಕೇಳುತ್ತಿದ್ದರೇ?

ಸಣ್ಣ ಕಂಪನಿಗಳಿಗೆ ಹೊರೆ ಅಂತಾರೆ. ಮೂರು ಜನರ ಸ್ಟಾರ್ಟಪ್ಪನ್ನು ಬಿಟ್ಟುಬಿಡಿ, ಪರವಾಗಿಲ್ಲ. ದೊಡ್ಡವರಿಂದ ಶುರು ಮಾಡಿ.

ಬೇರೆ ಕಡೆ ಏನಾಗಿದೆ ಅಂತ ನೋಡಿದೆ. ಜರ್ಮನಿಯಲ್ಲಿ 2022ರ ಜುಲೈ 1ರಿಂದ ವೆಬ್‌ಸೈಟಿನಲ್ಲಿ ಚಂದಾ ಮಾರುವವರು ರದ್ದು ಮಾಡುವ ಬಟನ್ನನ್ನೂ ಕಣ್ಣಿಗೆ ಕಾಣುವ ಹಾಗೆ ಇಡಲೇಬೇಕು. ಅಮೆರಿಕದ ವ್ಯಾಪಾರ ಆಯೋಗ ಸೇರಿದಷ್ಟೇ ಸುಲಭವಾಗಿ ಬಿಡಲು ಆಗಬೇಕು ಅಂತ 2024ರ ಅಕ್ಟೋಬರ್‌ನಲ್ಲಿ ನಿಯಮ ಮಾಡಿತು. ಪೂರ್ತಿ ಜಾರಿಗೆ ಬರಲು ಕೆಲವೇ ದಿನ ಇರುವಾಗ, 2025ರ ಜುಲೈನಲ್ಲಿ, ನಿಯಮ ಮಾಡಿದ ಕ್ರಮ ಸರಿಯಿಲ್ಲ ಅಂತ ಅಲ್ಲಿನ ಕೋರ್ಟ್ ಅದನ್ನು ತಳ್ಳಿಹಾಕಿತು. ಆದ್ದರಿಂದ ಆತುರ ಬೇಡ, ಕಾಗದಪತ್ರ ಸರಿಯಾಗಿಯೇ ಮಾಡಿ. ಆದರೆ ಮಾಡಿ.

ನನ್ನ ಕಸುಬಿನವರಿಗೂ ಇಲ್ಲೇ ಒಂದು ಮಾತು, ಪತ್ರ ಹೇಗೂ ಬಹಿರಂಗ. ಮಾರತ್ತಹಳ್ಳಿಯ ಪಿಜಿಯಲ್ಲಿ ಕೂತು ಇದನ್ನು ಓದುತ್ತಿರುವ ತಮ್ಮಂದಿರೇ ತಂಗಿಯರೇ, ನಿಮಗೂ ಒಂದು ಗುರುವಾರ ಮಧ್ಯಾಹ್ನ ಅಂಥ ಟಿಕೆಟ್ ಬರುತ್ತದೆ. ಕೆಲಸ ಬಿಡಿ ಅಂತ ನಾನು ಹೇಳುವುದಿಲ್ಲ. ಮನೆ ಸಾಲ ನನಗೂ ಇದೆ. ಆ ಟಿಕೆಟ್ಟಿನ ಕೆಳಗೆ ಒಂದು ಪ್ರಶ್ನೆ ಬರೆಯಿರಿ: "ಇದು 2023ರ ಮಾರ್ಗಸೂಚಿಗೆ ಸರಿಹೋಗುತ್ತದಾ? ಲೀಗಲ್‌ನವರು ನೋಡಿದ್ದಾರಾ?" ಅಷ್ಟೇ ಸಾಕು. ನಾನು ಈಗಿನ ಕಂಪನಿಯಲ್ಲಿ ಎರಡು ಸಲ ಬರೆದಿದ್ದೇನೆ. ಒಂದು ಸಲ ಟಿಕೆಟ್ ಮುಚ್ಚಿಹೋಯಿತು. ಇನ್ನೊಂದು ಸಲ ಕೆಲಸ ಬೇರೆಯವನಿಗೆ ಹೋಯಿತು, ಅವನು ಮಾಡಿದ. ಆದರೆ ಪ್ರಶ್ನೆ ದಾಖಲೆಯಲ್ಲಿ ಉಳಿದಿದೆ. ಮುಂದೊಂದು ದಿನ ಯಾರಾದರೂ ಬಂದು ವೇಬಿಲ್ ಕೇಳಿದರೆ ಸಿಗುತ್ತದೆ.

ಅಪ್ಪನ ವಿಷಯಕ್ಕೆ ಬರುತ್ತೇನೆ. ನಿಮ್ಮ ಇಲಾಖೆಯ ಸಹಾಯವಾಣಿ 1915ಕ್ಕೆ ಕರೆ ಮಾಡಿದೆವು. ಅಲ್ಲಿ ಕನ್ನಡದಲ್ಲೇ ಮಾತಾಡಿದರು, ದೂರಿನ ನಂಬರ್ ಕೊಟ್ಟರು. ಅಪ್ಪ ಆ ನಂಬರನ್ನು ಕ್ಯಾಲೆಂಡರ್ ಮೇಲೆ ಬರೆದುಕೊಂಡರು. ಹದಿನೈದು ದಿನದ ಮೇಲೆ ಕಂಪನಿಯಿಂದ ಒಂದು ಇಮೇಲ್ ಬಂತು. ನಿಯಮದ ಪ್ರಕಾರ ವಾಪಸ್ ಕೊಡಲು ಬರುವುದಿಲ್ಲ, ಆದರೂ ನಿಮ್ಮ ಮೇಲಿನ ವಿಶ್ವಾಸಕ್ಕೆ ಒಂದು ತಿಂಗಳ ಶುಲ್ಕ ಹಿಂದಿರುಗಿಸುತ್ತಿದ್ದೇವೆ ಅಂತ. 199 ರೂಪಾಯಿ ಖಾತೆಗೆ ಬಂತು.

ಬಸ್ಸಿನಲ್ಲಿ ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತಿರಬಹುದು. ಕೊಡಬೇಕಾದ ಬಾಕಿಯನ್ನು ಟಿಕೆಟ್ ಹಿಂದೆ ಬರೆದು ಒಂದು ಸುತ್ತು ಹಾಕಿ ಕೊಡುತ್ತಾರೆ. ಇಳಿಯುವಾಗ ತೋರಿಸಿದರೆ ಬಾಕಿ ಕೈಗೆ. ಎಷ್ಟೋ ಜನ ಮರೆತು ಇಳಿದುಬಿಡುತ್ತಿದ್ದರಂತೆ. ಅಪ್ಪ ಕಿಟಕಿಯಿಂದ ಕೂಗಿ ಕರೆದು ಕೊಟ್ಟಿದ್ದನ್ನು ನಾನೇ ಚಿಕ್ಕಂದಿನಲ್ಲಿ ನೋಡಿದ್ದೇನೆ. ಬಸ್ ಹೊರಟಿತ್ತು, ಡ್ರೈವರ್ ಬೈಯುತ್ತಿದ್ದರು, ಅಜ್ಜಿಯೊಬ್ಬರು ಸೆರಗು ಹಿಡಿದುಕೊಂಡು ಓಡಿ ಬಂದು ಎಂಟಾಣೆ ಇಸಕೊಂಡರು.

ಹೋದ ವಾರ ಅಪ್ಪ ಮತ್ತೆ ಪಾಸ್‌ಬುಕ್ ಎಂಟ್ರಿ ಹಾಕಿಸಿದರು. ಬಂದ 199ರ ಸಾಲಿನ ಪಕ್ಕ ನೀಲಿ ಪೆನ್ನಿನಲ್ಲಿ "ಬಾಕಿ 1,393" ಅಂತ ಬರೆದು ಸುತ್ತು ಹಾಕಿದ್ದಾರೆ.

ಇಂತಿ,
ಅರಸೀಕೆರೆ ಡಿಪೋದ ಒಬ್ಬ ಕಂಡಕ್ಟರ್ ಮಗ,
ಬೆಂಗಳೂರು

ಲಗತ್ತು: ಪಾಸ್‌ಬುಕ್ಕಿನ ಕೊನೆಯ ಹಾಳೆಯ ಫೋಟೋ. ಪೆನ್ನಿನಲ್ಲಿ ಬರೆದಿರುವುದು ಬ್ಯಾಂಕಿನವರದ್ದಲ್ಲ.